ಗೀಟು ಮುಂದಿನ ಅಕ್ಷರದ್ದು

ಇಂಗ್ಲಿಷ್ ಉಚ್ಚಾರಣೆ ತಿದ್ದಿಕೊಳ್ಳಲು ನನ್ನ ಬಳಿ ಬರುವವರ ಹತ್ತಿರ ಒಳ್ಳೆಯ ನಿಘಂಟೇ ಇರುತ್ತದೆ. ಅದರಲ್ಲಿ ಉಚ್ಚಾರಣೆ ತೋರಿಸುವ ಗುರುತುಗಳ ಪೈಕಿ ತಲೆಕೆಳಗಾದ ಇಂಗ್ಲಿಷ್ ‘ಇ’ (ə) ಗೊತ್ತು, ಬಾಲ ಇಳಿಬಿಟ್ಟ ‘ಎನ್’ (ŋ) ಗೊತ್ತು. ಪದದ ಯಾವ ತುಣುಕನ್ನು ಒತ್ತಿ ಹೇಳಬೇಕು ಅಂತ ತೋರಿಸಲು ಮೇಲ್ಗಡೆ ನಿಂತ ಪುಟ್ಟ ಗೀಟನ್ನು (ˈ) ಮಾತ್ರ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹುಡುಗಿಯೊಬ್ಬಳು ಮುತ್ತಿನಂಥ ಅಕ್ಷರದಲ್ಲಿ ನೋಟ್‌ಬುಕ್ ತುಂಬ ಉಚ್ಚಾರಣೆ ಬರೆದುಕೊಂಡು ಬಂದಿದ್ದಳು. ಗೀಟು ಒಂದೂ ಇಲ್ಲ. ಕೇಳಿದರೆ, “ಅದು ಪ್ರಿಂಟಿನ ಕಲೆ ಅಂದ್ಕೊಂಡೆ ಮೇಡಂ” ಅಂದಳು. ಅವಳನ್ನು ಬೈಯೋದು ಹೇಗೆ?

ಗೀಟು ಕಂಡವರ ಕಥೆ ಇನ್ನೊಂದು. ಅವರು ಅದನ್ನು ಹಿಂದಿನ ಅಕ್ಷರಕ್ಕೆ ಅಂಟಿಸುತ್ತಾರೆ. ನಮ್ಮ ಕಣ್ಣಿಗೆ ಅದೇ ಅಭ್ಯಾಸ. ದೀರ್ಘ, ಸೊನ್ನೆ, ವಿಸರ್ಗ ಎಲ್ಲವೂ ಕನ್ನಡದಲ್ಲಿ ಹಿಂದಿನ ಅಕ್ಷರಕ್ಕೇ ಸೇರಿದವು. (ದೀರ್ಘ ಸ್ವರದ ಎರಡು ಚುಕ್ಕೆಯನ್ನು ವಿಸರ್ಗ ಅಂದುಕೊಂಡು ಕಾರನ್ನು ‘ಕಾಃ’ ಎಂದು ಓದಿದವರೂ ಇದ್ದಾರೆ!) ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂಥ ಐಪಿಎ ಲಿಪಿಯ (ಉಚ್ಚಾರಣೆ ಬರೆಯುವ ಅಂತಾರಾಷ್ಟ್ರೀಯ ಲಿಪಿ) ನಿಘಂಟುಗಳಲ್ಲಿ ಗೀಟು ಮೊದಲು ಬರುತ್ತದೆ, ಒತ್ತಿ ಹೇಳಬೇಕಾದ ತುಣುಕು ಅದರ ನಂತರ.

ಫೋಟೋಗ್ರಾಫರ್ ಪದವನ್ನೇ ನೋಡಿ. ಗೀಟು ಇರುವುದು ಮೊದಲ ತುಣುಕಿನ ನಂತರ, ಎರಡನೆಯದರ ಮುಂದೆ. ಅಂದರೆ ಒತ್ತು ಎರಡನೆಯದಕ್ಕೆ. ಬ್ರಿಟಿಷ್ ಉಚ್ಚಾರಣೆ ಹೆಚ್ಚುಕಡಿಮೆ ‘ಫ-ಟಾ-ಗ್ರ-ಫ’. ಒತ್ತು ಸಿಕ್ಕ ಸ್ವರ ಮಾತ್ರ ತುಂಬಿ ಬರುತ್ತದೆ. ಉಳಿದ ಮೂರೂ ಕುಗ್ಗಿ, ತಲೆಕೆಳಗಾದ ‘ಇ’, ಅಂದರೆ ಅರೆಬರೆ ‘ಅ’ ಆಗಿಬಿಡುತ್ತವೆ. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲ ತುಣುಕಿಗೆ, ಫೋಟೋಗ್ರಾಫಿಕ್‌ನಲ್ಲಿ ಮೂರನೆಯದಕ್ಕೆ. ಒತ್ತು ಜಾಗ ಬದಲಿಸಿದಾಗ ಸ್ವರಗಳೂ ಬದಲಾಗುತ್ತವೆ. ಕನ್ನಡದಲ್ಲಿ ಹೀಗಾಗುವುದಿಲ್ಲ. ಎಲ್ಲಿ ಒತ್ತಿದರೂ ‘ಮನೆ’ ಮನೆಯೇ. ಹಾಗಾಗಿ ಗೀಟು ಬಿಟ್ಟು ಸುಮ್ನೆ ಅಕ್ಷರ ಉರುಹೊಡೆದರೆ ಅರ್ಧ ಉಚ್ಚಾರಣೆಯಷ್ಟೇ ಕಲಿತ ಹಾಗೆ.

ಎಲ್ಲರೂ ಲಂಡನ್ನಿನವರ ಥರ ಮಾತಾಡಬೇಕು ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನ ಆಫೀಸಿನಲ್ಲಿ ‘ಫೋಟೋಗ್ರಾಫರ್’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ತೊಡಕು ಬರುವುದು ಫೋನಿನ ಆ ಕಡೆ ನಮ್ಮ ಇಂಗ್ಲಿಷ್ ಕೇಳಿ ಗೊತ್ತಿಲ್ಲದವರು ಇದ್ದಾಗ, ಅದೂ ಪ್ರತಿ ಸಲ ಅಲ್ಲ.

ಇನ್ನೊಂದು ಎಚ್ಚರ. ಅಮೆರಿಕನ್ ಹೆರಿಟೇಜ್ ನಿಘಂಟಿನಲ್ಲಿ ಗುರುತು ಒತ್ತಿ ಹೇಳುವ ತುಣುಕಿನ ನಂತರ ಬರುತ್ತದೆ, ಕೆಲವು ಹಳೆಯ ಬ್ರಿಟಿಷ್ ನಿಘಂಟುಗಳಲ್ಲೂ ಹಾಗೆಯೇ. ಅಪ್ಪನ ಕಾಲದ ನಿಘಂಟು ಮನೆಯಲ್ಲಿದ್ದರೆ ಯಾರೂ ಓದದ ಮೊದಲ ಪುಟಗಳನ್ನು ಒಮ್ಮೆ ತೆರೆದು ನೋಡಿ. ಗುರುತು ಯಾವ ಕಡೆಗೆ ಸೇರಿದ್ದು ಅಂತ ಅಲ್ಲೇ ಬರೆದಿರುತ್ತದೆ. ಐಪಿಎಯಲ್ಲಿ ಕೆಳಗಡೆ ಬರುವ ಗೀಟು ಅರೆ ಒತ್ತಿನದು. ಅದನ್ನು ಸದ್ಯಕ್ಕೆ ಬಿಟ್ಟರೂ ನಡೆಯುತ್ತದೆ.