ಔಟ್‌ಲೈನ್ ಮಾತ್ರ ಹಾಕಿಕೊಟ್ಟೆ ಮಿಸ್!

ಸೋಮವಾರ ಬೆಳಗ್ಗೆ ಎಂಟೂಮುಕ್ಕಾಲಿಗೆ ನಮ್ಮ ಶಾಲೆಯ ಗೇಟಿನ ಬಳಿ ನಿಂತರೆ ಈ ಮಾತು ಕನಿಷ್ಠ ಮೂರು ಸಲ ಕಿವಿಗೆ ಬೀಳುತ್ತದೆ. ಮಗುವಿನ ಕೈಯಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಹಾಳೆ, ಅದಕ್ಕೊಂದು ರಬ್ಬರ್ ಬ್ಯಾಂಡ್. ಹಿಂದೆ ನಿಂತ ಅಮ್ಮನ ಮುಖದಲ್ಲಿ (ಈಚೆಗೆ ಅಪ್ಪಂದಿರ ಮುಖದಲ್ಲೂ) ಒಂಚೂರು ಸಂಕೋಚ. "ಎಲ್ಲಾ ಅವನೇ ಮಾಡಿದ್ದು ಮಿಸ್. ನಾನು ಔಟ್‌ಲೈನ್ ಮಾತ್ರ ಹಾಕಿಕೊಟ್ಟೆ."

ಬೆಂಗಳೂರಿನ ಹೊಸೂರು ರಸ್ತೆಯ ಆಸುಪಾಸಿನಲ್ಲಿ 19 ವರ್ಷದಿಂದ ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಚಿತ್ರ, ಕರಕುಶಲ ಮಾಡಿಸುತ್ತಿದ್ದೇನೆ. ರಾತ್ರಿ ಹನ್ನೊಂದಕ್ಕೆ ಥರ್ಮಾಕೋಲ್ ಕೊಯ್ದು ಇಡೀ ಪ್ರಾಜೆಕ್ಟನ್ನು ತಾವೇ ಮುಗಿಸುವ ಅಪ್ಪ ಅಮ್ಮಂದಿರ ಮೇಲೆ ನನಗೆ ಅಂಥ ಸಿಟ್ಟಿಲ್ಲ. ನಾಲ್ಕು ವರ್ಷದ ಮಗುವಿಗೆ ಮನೆಗೆ ಪ್ರಾಜೆಕ್ಟ್ ಕಳಿಸುವುದು ಶಾಲೆಯ ತಪ್ಪು. ಅವರು ಮಾಡಿದ್ದು ತಾವೇ ಎಂದು ಅವರಿಗೂ ಗೊತ್ತು, ನನಗೂ ಗೊತ್ತು, ಮಗುವಿಗಂತೂ ಚೆನ್ನಾಗಿಯೇ ಗೊತ್ತು. ಕಷ್ಟ ಇರುವುದು ಔಟ್‌ಲೈನ್‌ನವರದ್ದು. ಅವರು ಪ್ರಾಮಾಣಿಕರು. ತಾವು ಏನೂ ಮಾಡಿಲ್ಲ ಅಂತಲೇ ನಂಬಿರುತ್ತಾರೆ.

ಹಾಗಾಗಿ ಇದೊಂದನ್ನು ಕೊಂಚ ಎಳೆದೇ ಹೇಳುತ್ತೇನೆ. ಔಟ್‌ಲೈನೇ ಚಿತ್ರ. ಆನೆ ಎಷ್ಟು ದೊಡ್ಡದು, ಹಾಳೆಯಲ್ಲಿ ಎಲ್ಲಿ ನಿಲ್ಲಬೇಕು, ಸೊಂಡಿಲು ಎಲ್ಲಿಂದ ಹೊರಡಬೇಕು, ಕಿವಿ ಬೇಕೋ ಬೇಡವೋ, ಇದೆಲ್ಲ ತೀರ್ಮಾನ ಆಗುವುದು ಆ ಗೆರೆಯಲ್ಲೇ. ಅದನ್ನು ನೀವು ಎಳೆದುಬಿಟ್ಟಿರಿ ಅಂದರೆ ಮಗುವಿಗೆ ಉಳಿಯುವುದು ಸುಣ್ಣ ಬಳಿಯುವ ಕೆಲಸ. ಮನೆಯ ಪ್ಲಾನು, ಪಾಯ, ಗೋಡೆ ಎಲ್ಲ ನೀವೇ ಮುಗಿಸಿ, ಕೊನೆಗೆ ಅವನ ಕೈಗೆ ಬ್ರಷ್ ಕೊಟ್ಟು "ಮನೆ ಕಟ್ಟಿದ್ದು ನಮ್ಮ ಪುಟ್ಟ" ಅಂದ ಹಾಗೆ. ಗೆರೆಯ ಒಳಗೆ ಬಣ್ಣ ತುಂಬಿಸುವುದು ತಪ್ಪೇ ಎಂದು ಕೇಳುತ್ತಾರೆ. ತಪ್ಪೇನಲ್ಲ. ಕೈಗೆ ಒಂದಿಷ್ಟು ಹಿಡಿತ ಬರುತ್ತದೆ, ಮಳೆಗಾಲದ ಸಂಜೆ ಹೊತ್ತು ಹೋಗುತ್ತದೆ. ಚಿತ್ರ ಬರೆದ ಲೆಕ್ಕ ಮಾತ್ರ ಅದಲ್ಲ.

ಎರಡು ವರ್ಷದ ಹಿಂದಿನ ಮಾತು. ಯುಕೆಜಿಯ ಒಬ್ಬಳು ಹುಡುಗಿಗೆ "ನಿಮ್ಮ ಮನೆ ಮುಂದೆ ಏನಿದೆ, ಬರಿ" ಅಂದಿದ್ದೆ. ಬರೆದಳು. ಹಾಳೆಯ ತಳದಿಂದ ತುದಿಯವರೆಗೆ ಬೂದು ಬಣ್ಣದ ಐದು ದಪ್ಪ ಕಂಬ, ಅವುಗಳ ಮೇಲೊಂದು ಅಡ್ಡ ಗೆರೆ, ಅಷ್ಟೆ. ಏನಮ್ಮಾ ಇದು ಅಂದರೆ "ಮೆಟ್ರೋ". ಸಂಜೆ ಕರೆದೊಯ್ಯಲು ಬಂದ ತಾಯಿ ನೋಡಿ ನಕ್ಕರು. "ಅಯ್ಯೋ ಚಿನ್ನೂ, ಇದರಲ್ಲಿ ರೈಲೇ ಇಲ್ವಲ್ಲೇ?" ಹುಡುಗಿ ಅಮ್ಮನನ್ನು ದಡ್ಡಿಯ ಹಾಗೆ ನೋಡಿ, "ಇನ್ನೂ ಬಂದಿಲ್ಲಲ್ಲ!" ಅಂದಳು.

ಆ ಹುಡುಗಿ ಹುಟ್ಟಿದಾಗಿನಿಂದ ನೋಡಿದ ಮೆಟ್ರೋ ಅದೇ. ನಮ್ಮ ರಸ್ತೆಯವರೆಲ್ಲ ಅದನ್ನೇ ನೋಡಿದ್ದೆವು, ಬರೆಯುವುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಮರುದಿನ ಬೆಳಗ್ಗೆ ಹೊಸ ಹಾಳೆ ಬಂತು. ಸ್ಕೇಲ್ ಇಟ್ಟು ಎಳೆದ ರೈಲು, ಒಂದೇ ಅಳತೆಯ ಕಿಟಕಿಗಳು, ಒಳಗೆ ಗೆರೆ ದಾಟದ ನೇರಳೆ ಬಣ್ಣ. "ಔಟ್‌ಲೈನ್ ಮಾತ್ರ..." ಅಂತ ಅವರು ಶುರು ಮಾಡುವ ಮೊದಲೇ ನನಗೆ ಗೊತ್ತಾಯಿತು. ಆಮೇಲೆ ಮೂರು ವಾರ ಆ ಹುಡುಗಿಗೆ ಯಾವ ಹಾಳೆ ಕೊಟ್ಟರೂ ಒಂದೇ ಮಾತು: "ನಂಗೆ ಬರಲ್ಲ ಮಿಸ್, ನೀವೇ ಬರ್ಕೊಡಿ."

ಈ ಮಾತು ಬಂತೆಂದರೆ ನಾವು ಶಿಕ್ಷಕಿಯರು ಎಚ್ಚರವಾಗುತ್ತೇವೆ. ನೀವೂ ಆಗಿ. ಹಾಗೆ ಕೇಳಿದಾಗ ಬರೆದುಕೊಡಬೇಡಿ, ಕೇಳಿ. ಆನೆ ಏನು ತಿನ್ನುತ್ತಿದೆ? ನಿಂತಿದೆಯೋ ಮಲಗಿದೆಯೋ? ಎರಡನೇ ಪ್ರಶ್ನೆಗೇ ಕೈ ಕ್ರೇಯಾನ್ ಕಡೆ ಹೋಗುತ್ತದೆ. ನಿಮಗೂ ಬರೆಯುವ ಆಸೆಯಾದರೆ ನಿಮ್ಮದೇ ಬೇರೆ ಹಾಳೆ ತಗೊಂಡು ಪಕ್ಕದಲ್ಲಿ ಕೂತು ಬರೆಯಿರಿ, ಧಾರಾಳವಾಗಿ.

"ಅದೆಲ್ಲ ಸರಿ ಮಿಸ್, ಅಕ್ಷರ ಯಾವಾಗ ಬರೀತಾಳೆ?" ಅನ್ನುವವರಿಗೆ ಒಂದು ವಿಷಯ. ಮಗು ಮೊದಲು ಸುಮ್ಮನೆ ಗೀಚುತ್ತದೆ. ಒಂದು ದಿನ, ಸಾಮಾನ್ಯವಾಗಿ ಮೂರರ ಆಸುಪಾಸು, ಹೊರಟ ಗೆರೆ ಸುತ್ತಿ ಬಂದು ಹೊರಟ ಜಾಗವನ್ನೇ ಮುಟ್ಟುತ್ತದೆ. ಸೊನ್ನೆ! ಆ ಸೊನ್ನೆಗೆ ಎರಡು ಚುಕ್ಕೆ ಇಟ್ಟರೆ ಕಣ್ಣು, ಕೆಳಗೆ ಎರಡು ಕಡ್ಡಿ ಎಳೆದರೆ ಅಪ್ಪ. ಹೊಟ್ಟೆಯಿಲ್ಲದ, ತಲೆಗೇ ಕಾಲು ಹತ್ತಿದ ಈ ಅಪ್ಪನನ್ನು ಲೋಕದ ಬಹುಪಾಲು ಮಕ್ಕಳು ಬರೆಯುತ್ತಾರೆ, ಗಾಬರಿ ಬೇಡ. ಈಗ ಕನ್ನಡ ಅಕ್ಷರ ನೋಡಿ. ರ, ದ, ಠ, ಎಲ್ಲ ಸುತ್ತಿಬಂದ ಗೆರೆಗಳೇ. ಠ ಅಂತೂ ಸೊನ್ನೆಯೊಳಗೊಂದು ಚುಕ್ಕೆ, ಮಗು ಬರೆದ ಕಣ್ಣೇ ಸರಿ. ನೀವು ಬರೆದ ಔಟ್‌ಲೈನ್‌ನೊಳಗೆ ಅತ್ತಿಂದಿತ್ತ ಉಜ್ಜುವ ಕೈಗೆ ಈ ಸುತ್ತು ಸಿಗುವುದಿಲ್ಲ.

ಇನ್ನೊಂದು. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟಿದಾಗ ಅವೆಲ್ಲ ಮೃದ್ವಸ್ಥಿ, ಗಟ್ಟಿ ಮೂಳೆಯಾಗುವುದು ಒಂದೊಂದಾಗಿ, ವರ್ಷಗಟ್ಟಲೆ. ನಾಲ್ಕು ವರ್ಷದ ಮಗುವಿನ ಎಕ್ಸ್‌ರೇ ತೆಗೆದರೆ ಹೆಚ್ಚುಕಮ್ಮಿ ಅರ್ಧದಷ್ಟು ಮೂಳೆ ಕಾಣುವುದೇ ಇಲ್ಲ. ಆ ಕೈಯಿಂದ ಅಂಗಡಿಯ ಗ್ರೀಟಿಂಗ್ ಕಾರ್ಡಿನ ಅಚ್ಚುಕಟ್ಟು ಬಯಸುವುದು ಯಾವ ನ್ಯಾಯ? ನಾನು ವೈದ್ಯೆಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಐದು ತುಂಬಿದರೂ ಕ್ರೇಯಾನ್ ಹಿಡಿಯಲೇ ಆಗದಿದ್ದರೆ, ಅಂಟು, ಮಣ್ಣು ಮುಟ್ಟಿದರೆ ಸಾಕು ಮಗು ಚೀರಿಕೊಳ್ಳುತ್ತಿದ್ದರೆ ಮಕ್ಕಳ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ. ಬಹುತೇಕರಿಗೆ ಏನೂ ಇರುವುದಿಲ್ಲ.

ವರ್ಷವಿಡೀ ಏನು ಮಾಡಿಸುತ್ತೀರಿ ಎಂದು ಕೇಳುವವರು ಹೆಚ್ಚು, ಅವರು ಬಯಸುವುದು ಪಟ್ಟಿ. ನನ್ನ ಹತ್ತಿರ ಪಟ್ಟಿಯಿಲ್ಲ, ಋತು ಇದೆ. ಜೂನ್‌ನಲ್ಲಿ ಅರ್ಧ ತರಗತಿ ಅಳುತ್ತಿರುತ್ತದೆ, ಆಗ ಜೇಡಿಮಣ್ಣಿಗಿಂತ ಒಳ್ಳೆಯ ಔಷಧಿ ಕಂಡಿಲ್ಲ. ನಮ್ಮ ಆಯಾ ಅಮ್ಮ ವಿಜಯಪುರದ ಕಡೆಯವರು. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದರೆ ಅವರ ಬೆರಳು ಸುಮ್ಮನಿರುವುದಿಲ್ಲ. ಮಕ್ಕಳ ನಡುವೆ ಕೂತು ಎರಡು ನಿಮಿಷದಲ್ಲಿ ಭುಜ, ಕೊಂಬು ಎಲ್ಲ ಇರುವ ಎತ್ತು ಎಬ್ಬಿಸಿ, ಮಕ್ಕಳು ಬಾಯಿ ಬಿಟ್ಟು ನೋಡುತ್ತಿರುವಾಗಲೇ ಒತ್ತಿ ಮತ್ತೆ ಮುದ್ದೆ ಮಾಡಿಬಿಡುತ್ತಾರೆ. ಯಾಕಮ್ಮಾ ಅಂದರೆ "ಇಡೂದು ಅಮಾಸಿ ದಿನ್ರೀ ಮೇಡಂ, ಇವತ್ತಲ್ಲ." ಎದುರಿಗೆ ನಕಲು ಮಾಡಲು ಎತ್ತೇ ಉಳಿಯುವುದಿಲ್ಲ. ಉಳಿಯುವುದು ಹೇಗೆ ಚಿವುಟಿದರು, ಹೇಗೆ ಎಳೆದರು ಅನ್ನುವುದು. ಬಿ.ಎಡ್. ಮಾಡಿದ ನಮಗೆ ಇದು ಹೊಳೆದಿರಲಿಲ್ಲ. ಅದೇ ಮಣ್ಣು ಒದ್ದೆ ಬಟ್ಟೆಯೊಳಗೆ ಗೌರಿ ಗಣೇಶನವರೆಗೆ ಬಾಳುತ್ತದೆ. ಮಕ್ಕಳ ಗಣಪನ ಸೊಂಡಿಲು ಬಿದ್ದೇ ಬೀಳುತ್ತದೆ. ಬೀಳಲಿ, ಮಣ್ಣನ್ನೇ ಗಂಜಿಯಂತೆ ಕಲಸಿ ಅವರೇ ಅಂಟಿಸುತ್ತಾರೆ.

ಮಳೆ ಹಿಡಿದ ಜುಲೈಯಲ್ಲಿ ಅರಿಶಿನದ ಹಾಳೆ. ಅರಿಶಿನದ ನೀರನ್ನು ಬಿಳಿ ಹಾಳೆಗೆ ಬಳಿದು ಒಣಗಿಸಿ. ಬಟ್ಟೆ ಸೋಪಿನ ನೀರಿಗೆ ಬೆರಳು ಅದ್ದಿ ಅದರ ಮೇಲೆ ಬರೆದರೆ ಹಳದಿಯಲ್ಲಿ ಕೆಂಪು ಗೆರೆ ಏಳುತ್ತದೆ. ಆರತಿಯ ಓಕುಳಿಗೆ ಅರಿಶಿನಕ್ಕೆ ಸುಣ್ಣ ಹಾಕುತ್ತೇವಲ್ಲ, ಅದೇ ಲೆಕ್ಕ. ಸುಣ್ಣ ಮಕ್ಕಳ ಕೈಗೆ ಬೇಡ, ಕಣ್ಣಿಗೆ ಅಪಾಯ. ಸೋಪಿನ ಕೈಯೂ ಕಣ್ಣಿಗೆ ಹೋಗದಂತೆ ನೋಡಿಕೊಂಡು, ಆಮೇಲೆ ತೊಳೆಸಿ. ಇಲ್ಲಿ ಔಟ್‌ಲೈನ್ ಹಾಕಿಕೊಡಲು ಯಾರಿಗೂ ಪುರುಸೊತ್ತೇ ಸಿಗುವುದಿಲ್ಲ, ಅದಕ್ಕೇ ನನಗೆ ಇದು ಇಷ್ಟ. ಯೂನಿಫಾರ್ಮ್ ಕೆಂಪಾಯಿತು ಎಂದು ವಾಟ್ಸ್‌ಆಪ್ ಗ್ರೂಪಿನಲ್ಲಿ ದೂರು ಬರುತ್ತದೆ. ಸಾಂಬಾರಿನ ಕಲೆಯಂತೆಯೇ, ಒಗೆದು ಬಿಸಿಲಿಗೆ ಹಾಕಿ, ಹೋಗುತ್ತದೆ.

ನವೆಂಬರ್ 1ಕ್ಕೆ ಎಲ್ಲರೂ ಬಾವುಟ ಮಾಡುತ್ತಾರೆ, ನಾವೂ ಮಾಡುತ್ತೇವೆ, ಅದರಲ್ಲಿ ಹೇಳುವಂಥದ್ದಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ತಿಂದುಳಿದ ಸಿಪ್ಪೆ ಒಂದು ವಾರ ನಮ್ಮ ಕಚ್ಚಾವಸ್ತು (ಕಡಲೆಕಾಯಿ ಒಗ್ಗದ ಮಕ್ಕಳಿದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಿ). ಅಂಟಿಗೆ ಮೈದಾ ಗಂಜಿ ಸಾಕು. ಹುಳ ಬೀಳದಿರಲಿ ಎಂದು ಮನೆಯ ಹಿರಿಯರು ಮೈಲುತುತ್ತ ಹಾಕಲು ಹೇಳಿಯಾರು, ಖಂಡಿತ ಬೇಡ, ಅದು ವಿಷ. ಜನವರಿಗೆ ಅವರೆ ಬರುತ್ತದೆ. ಸಿಪ್ಪೆ ಮಾತ್ರ ಕೊಡುತ್ತೇನೆ, ಕಾಳು ಕೊಡುವುದಿಲ್ಲ. ಒಂದು ವರ್ಷ ನನ್ನದೇ ತರಗತಿಯಲ್ಲಿ ಒಣ ಬಟಾಣಿ ಒಬ್ಬನ ಮೂಗು ಸೇರಿತ್ತು. ಒಳಗಿನ ತೇವಕ್ಕೆ ಅದು ಊದಿಕೊಂಡು, ಕಿವಿ ಮೂಗಿನ ಡಾಕ್ಟರೇ ತೆಗೆಯಬೇಕಾಯಿತು. ಆವತ್ತಿನಿಂದ ಕಾಳಿನ ಕೊಲಾಜ್ ಬಂದ್. ಫೆಬ್ರವರಿ, ಮಾರ್ಚಿಗೆ ರಸ್ತೆ ತುಂಬ ಗುಲಾಬಿ ಟಬೂಬಿಯಾ ಉದುರುತ್ತದೆ. ಅಂಟಿಸಿದ ಹೂ ನಾಲ್ಕು ದಿನದಲ್ಲಿ ಕಂದುತ್ತದೆ. "ಪ್ಲಾಸ್ಟಿಕ್ ಹೂ ತಂದುಕೊಡ್ಲಾ ಮಿಸ್?" ಎಂದು ಕೇಳಿದ ಪುಣ್ಯಾತ್ಮರೂ ಇದ್ದಾರೆ.

ವರ್ಷದ ಕೊನೆಗೆ ಪ್ರದರ್ಶನ. ನಾನು ಮೊದಲು ಕೆಲಸ ಮಾಡಿದ ಶಾಲೆಯಲ್ಲಿ 26 ಮಕ್ಕಳಿಗೂ ಒಂದೇ ಕೋಳಿಮರಿಯ ಔಟ್‌ಲೈನ್ ಜೆರಾಕ್ಸ್ ಮಾಡಿ ಕೊಟ್ಟಿದ್ದೆವು. ಹೌದು, ನಾನೇ ಕೊಟ್ಟಿದ್ದು. ಹೆಸರಿನ ಚೀಟಿ ಅಂಟಿಸುವುದು ಮರೆತಿತ್ತು. ಗೋಡೆಯ ಮೇಲೆ 26 ಹಳದಿ ಕೋಳಿಮರಿ. ಯಾವ ತಾಯಿಗೂ ತನ್ನ ಮಗುವಿನದು ಯಾವುದೆಂದು ತಿಳಿಯಲಿಲ್ಲ. ಮಕ್ಕಳಿಗೂ ತಿಳಿಯಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದನ್ನು ತಗೊಂಡು ಹೋದರು. ಈಗ ಚೀಟಿ ಅಂಟಿಸುವುದೇ ಇಲ್ಲ. ಬಾಗಿಲಲ್ಲಿ ನಿಂತೇ "ಆ ಕಪ್ಪು ಗುಡ್ಡ ನಮ್ಮವನದ್ದೇ, ಮನೆ ಗೋಡೆ ತುಂಬ ಅದೇ" ಎಂದು ಗುರುತು ಹಿಡಿಯುತ್ತಾರೆ.

ಆ ಮೆಟ್ರೋ ಹುಡುಗಿ ಈಗ ಶಾಲೆ ಬಿಟ್ಟು ಒಂದನೇ ತರಗತಿಗೆ ಬೇರೆಡೆ ಸೇರಿದ್ದಾಳೆ. 2025ರ ಆಗಸ್ಟ್‌ನಲ್ಲಿ ನಮ್ಮ ರಸ್ತೆಯ ಮೆಟ್ರೋ, ಹಳದಿ ಮಾರ್ಗದ ರೈಲು, ಕೊನೆಗೂ ಓಡಿತಲ್ಲ, ಆಗಿನ್ನೂ 25 ನಿಮಿಷಕ್ಕೊಂದು, ಆ ವಾರ ತಾಯಿ ಫೋಟೊ ಕಳಿಸಿದ್ದರು. ಮೊದಲಿನಷ್ಟೇ ದಪ್ಪದ ಐದು ಕಂಬ. ಮೇಲೆ, ಬಲತುದಿಯಲ್ಲಿ, ಬೆಂಕಿಪೊಟ್ಟಣದಷ್ಟು ಸಣ್ಣ ಹಳದಿ ಡಬ್ಬಿ. ಕೆಳಗೆ ಸಂದೇಶ: "ಈ ಸಲ ಗೆರೆ ಮುಟ್ಟಿಲ್ಲ ಮಿಸ್. ಬಣ್ಣ ಹಳದಿ ಅಂತ ಮಾತ್ರ ಹೇಳಿಕೊಟ್ಟೆ."