ಸ್ಪೋರ್ಟ್ ಎಂದರೆ ಚಿಕ್ಕ ರೇಂಜ್ ರೋವರ್ ಎಂದು ತಿಳಿಯಬಹುದೇ?

ಪ್ರಶ್ನೆ: ನಮ್ಮದು ದಾವಣಗೆರೆ. ಅಡಿಕೆ ವ್ಯಾಪಾರದ ಮನೆತನ, ಚನ್ನಗಿರಿ ಕಡೆ ತೋಟವೂ ಇದೆ. ತಿಂಗಳಿಗೆ ಮೂರು ನಾಲ್ಕು ಸಲ ನಾನೇ ಕಾರು ಓಡಿಸಿಕೊಂಡು ಬೆಂಗಳೂರಿಗೆ ಹೋಗಿಬರುತ್ತೇನೆ. ವಾರಕ್ಕೊಮ್ಮೆ ವಯಸ್ಸಾದ ತಂದೆ ತಾಯಿಯನ್ನು ತೋಟಕ್ಕೆ ಕರೆದೊಯ್ಯುತ್ತೇನೆ. ರೇಂಜ್ ರೋವರ್ ಕೊಳ್ಳಬೇಕೆಂಬುದು ಬಹಳ ದಿನಗಳ ಆಸೆ. ಆದರೆ ಮನೆ ಹಳೇ ಊರಿನಲ್ಲಿದೆ, ಓಣಿ ಇಕ್ಕಟ್ಟು. 'ರೇಂಜ್ ರೋವರ್ ಸ್ಪೋರ್ಟ್ ಎಂಬ ಇನ್ನೊಂದು ಕಾರಿದೆ, ಅದು ಚಿಕ್ಕದು, ಓಣಿಗೂ ಹೊಂದುತ್ತದೆ, ಹಣವೂ ಉಳಿಯುತ್ತದೆ' ಎಂದು ಎಲ್ಲರೂ ಹೇಳುತ್ತಾರೆ. ಇದು ಸರಿಯೇ?

ಉತ್ತರ: ಹಣ ಉಳಿಯುತ್ತದೆ ಎಂಬುದು ಸರಿ. ಓಣಿಗೆ ಹೊಂದುತ್ತದೆ ಎಂಬುದು ಸರಿಯಲ್ಲ. ಈ ಎರಡನೆಯ ಮಾತನ್ನು ನಂಬಿ ಮುಂಗಡ ಕೊಟ್ಟವರು ಕಾರು ಮನೆಯ ಮುಂದೆ ಬಂದು ನಿಂತ ದಿನ ಪೇಚಿಗೆ ಸಿಲುಕುತ್ತಾರೆ. ಆದ್ದರಿಂದ ಅಳತೆಯ ವಿಚಾರದಿಂದಲೇ ಆರಂಭಿಸುತ್ತೇನೆ.

ಈಗ ಮಾರಾಟದಲ್ಲಿರುವ ರೇಂಜ್ ರೋವರ್ 2021ರಲ್ಲಿ ಅನಾವರಣಗೊಂಡ ಐದನೆಯ ತಲೆಮಾರಿನದು. ಸ್ಪೋರ್ಟ್ 2022ರಲ್ಲಿ ಬಂದ ಮೂರನೆಯ ತಲೆಮಾರಿನದು. ಎರಡನ್ನೂ ಒಂದೇ ಅಡಿಪಾಯದ ಮೇಲೆ ಕಟ್ಟಲಾಗಿದೆ, ಮತ್ತು ಎರಡರ ಅಗಲವೂ ಒಂದೇ. ಪಕ್ಕದ ಕನ್ನಡಿಗಳನ್ನು ಮಡಿಸಿದಾಗ 2047 ಮಿ.ಮೀ., ಬಿಚ್ಚಿದಾಗ 2209 ಮಿ.ಮೀ. ಓಣಿಯಲ್ಲಿ ಸಿಕ್ಕಿಕೊಳ್ಳುವುದು ಕಾರಿನ ಉದ್ದವಲ್ಲ, ಅಗಲ. ಮಂಡಿಪೇಟೆಯಲ್ಲಿ ಒಂದು ಬದಿ ಮೂಟೆ ಇಳಿಸುವ ಗೂಡ್ಸ್ ಆಟೋ, ಇನ್ನೊಂದು ಬದಿ ಸಾಲಾಗಿ ನಿಲ್ಲಿಸಿದ ಬೈಕುಗಳು ಇರುವಾಗ ನಡುವೆ ಉಳಿಯುವ ಜಾಗದಲ್ಲಿ ದೊಡ್ಡದು ನುಗ್ಗದಿದ್ದರೆ ಸ್ಪೋರ್ಟ್ ಕೂಡ ನುಗ್ಗುವುದಿಲ್ಲ.

ಕಳೆದ ವರ್ಷ ಪಿ.ಜೆ. ಬಡಾವಣೆಯ ಸ್ನೇಹಿತರೊಬ್ಬರು ಇದೇ ಲೆಕ್ಕಾಚಾರದಲ್ಲಿದ್ದಾಗ ನಾವಿಬ್ಬರೂ ಟೇಪು ಹಿಡಿದು ಅವರ ಮನೆಯ ಗೇಟನ್ನು ಅಳೆದೆವು. ಹಳೆಯ ಕಾಲದ ಕಬ್ಬಿಣದ ಗೇಟು, ಕಂಬದಿಂದ ಕಂಬಕ್ಕೆ ಸರಿಯಾಗಿ ಎಂಟು ಅಡಿ, ಅಂದರೆ 2438 ಮಿ.ಮೀ. ಕನ್ನಡಿ ಬಿಚ್ಚಿಕೊಂಡೇ ಒಳಗೆ ತಂದರೆ ಒಂದೊಂದು ಬದಿಗೆ ಉಳಿಯುವುದು ನಾಲ್ಕೂವರೆ ಅಂಗುಲ. ಮಡಿಸಿದರೆ ಏಳೂವರೆ ಅಂಗುಲ. ಕಂಬದಲ್ಲಿ ಹೊರಗೆ ಚಾಚಿಕೊಂಡಿದ್ದ ಗೇಟಿನ ಕೊಂಡಿಯೊಂದೇ ಎರಡು ಅಂಗುಲ ನುಂಗುತ್ತಿತ್ತು. ಒಳಗಿನ ಶೆಡ್ಡಿನ ಅಗಲ ಹತ್ತು ಅಡಿ. ಅಲ್ಲಿ ಕಾರನ್ನು ನಟ್ಟನಡುವೆ ನಿಲ್ಲಿಸಿದರೆ ಎರಡೂ ಬದಿಗೆ ಒಂದೂವರೆ ಅಡಿಯ ಮೇಲೆ ಸ್ವಲ್ಪ ಜಾಗ ಉಳಿಯುತ್ತದೆ, ಆದರೆ ಬಾಗಿಲು ಅಷ್ಟರಲ್ಲಿ ಅರೆಬರೆ ಮಾತ್ರ ತೆರೆಯುತ್ತದೆ. ವಯಸ್ಸಾದವರನ್ನು ಗೇಟಿನ ಹೊರಗೇ ಇಳಿಸಿ ಆಮೇಲೆ ಕಾರನ್ನು ಒಳಗೆ ಹಾಕುವ ಕ್ರಮ ಎರಡರಲ್ಲಿ ಯಾವುದನ್ನು ಕೊಂಡರೂ ತಪ್ಪುವುದಿಲ್ಲ.

ಉದ್ದದ ಮಾತು ಬೇರೆ. ಭಾರತದಲ್ಲಿ ಜೋಡಿಸುವ ರೇಂಜ್ ರೋವರ್ ಉದ್ದನೆಯ ಆವೃತ್ತಿಯಾಗಿದ್ದು, ತುದಿಯಿಂದ ತುದಿಗೆ 5252 ಮಿ.ಮೀ. ಇದೆ, ಸ್ಪೋರ್ಟ್ 4946 ಮಿ.ಮೀ. ಒಂದು ಅಡಿಯ ಈ ವ್ಯತ್ಯಾಸ ಹದಿನೆಂಟು ಅಡಿಯ ಶೆಡ್ಡಿನಲ್ಲಿ ಚೆನ್ನಾಗಿಯೇ ಅನುಭವಕ್ಕೆ ಬರುತ್ತದೆ. ಉದ್ದನೆಯದನ್ನು ನಿಲ್ಲಿಸಿದರೆ ಉಳಿಯುವುದು ಒಂಬತ್ತು ಅಂಗುಲ ಮಾತ್ರ. ರೇಂಜ್ ರೋವರ್‌ನ ಡಿಕ್ಕಿಯ ಬಾಗಿಲು ಎರಡು ಭಾಗವಾಗಿ, ಒಂದು ಮೇಲಕ್ಕೂ ಒಂದು ಕೆಳಕ್ಕೂ ತೆರೆಯುವಂಥದ್ದು. ಕೆಳಭಾಗ ಹಲಗೆಯಂತೆ ಹೊರಕ್ಕೆ ಚಾಚಿಕೊಳ್ಳುವುದರಿಂದ ಒಂಬತ್ತು ಅಂಗುಲದಲ್ಲಿ ಅದನ್ನು ತೆರೆಯುವ ಮಾತೇ ಇಲ್ಲ. ಸ್ಪೋರ್ಟ್‌ಗೆ ಇರುವುದು ಇಡಿಯಾಗಿ ಮೇಲಕ್ಕೇಳುವ ಒಂದೇ ಬಾಗಿಲು, ಹಿಂದೆ ಉಳಿಯುವ ಜಾಗ ಇಪ್ಪತ್ತೊಂದು ಅಂಗುಲ. ತಿರುವಿನ ವಿಷಯದಲ್ಲಿ ಮಾತ್ರ ರೇಂಜ್ ರೋವರ್ ತನ್ನ ಗಾತ್ರವನ್ನು ಮರೆಸುತ್ತದೆ. ನಿಧಾನವಾಗಿ ಚಲಿಸುವಾಗ ಅದರ ಹಿಂದಿನ ಚಕ್ರಗಳೂ ಮುಂದಿನವುಗಳ ವಿರುದ್ಧ ದಿಕ್ಕಿಗೆ ಏಳು ಡಿಗ್ರಿಯವರೆಗೆ ಹೊರಳುತ್ತವೆ. ಸ್ಪೋರ್ಟ್‌ನಲ್ಲಿ ಈ ಸೌಲಭ್ಯ ಎಲ್ಲ ಆವೃತ್ತಿಗಳಲ್ಲೂ ಇಲ್ಲದಿರುವುದರಿಂದ, ನೀವು ಕೊಳ್ಳುವ ಆವೃತ್ತಿಯಲ್ಲಿ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿಕೊಳ್ಳಿ. ಹಳೇ ಊರಿನ ಮೂಲೆಗಳಲ್ಲಿ ಇದರಷ್ಟು ಉಪಕಾರಿಯಾದದ್ದು ಬೇರೊಂದಿಲ್ಲ.

ಹಾಗಾದರೆ ಸ್ಪೋರ್ಟ್ ಎಂದರೆ ಚಿಕ್ಕದು, ಕಡಿಮೆ ದರ್ಜೆಯದು ಎಂಬ ಭಾವನೆ ಎಲ್ಲಿಂದ ಬಂತು? ಅದಕ್ಕೆ ಕಾರಣವಿದೆ. ಮೊದಲ ರೇಂಜ್ ರೋವರ್ ಹುಟ್ಟಿದ್ದು 1970ರಲ್ಲಿ. ಸ್ಪೋರ್ಟ್ ಬಂದದ್ದು 2005ರಲ್ಲಿ, ಮತ್ತು ಆ ಮೊದಲ ಸ್ಪೋರ್ಟನ್ನು ಕಟ್ಟಿದ್ದು ರೇಂಜ್ ರೋವರ್ ಅಡಿಪಾಯದ ಮೇಲಲ್ಲ, ಅದೇ ಲ್ಯಾಂಡ್ ರೋವರ್ ಕಂಪನಿಯ ಡಿಸ್ಕವರಿ 3 ಎಂಬ ಬೇರೊಂದು ಕಾರಿನ ಅಡಿಪಾಯದ ಮೇಲೆ. ಆಗ 'ಹೆಸರು ಮಾತ್ರ ರೇಂಜ್ ರೋವರ್' ಎಂದವರ ಮಾತಿನಲ್ಲಿ ಹುರುಳಿತ್ತು. 2013ರಲ್ಲಿ ಎರಡನೆಯ ತಲೆಮಾರಿನ ಸ್ಪೋರ್ಟ್ ಬಂದಾಗ ಅದು ದೊಡ್ಡಣ್ಣನ ಅಲ್ಯೂಮಿನಿಯಂ ದೇಹರಚನೆಯನ್ನೇ ಪಡೆಯಿತು, ಆ ಅಂತರ ಅಲ್ಲಿಗೆ ಮುಗಿಯಿತು. ಮಾತು ಮಾತ್ರ ಇನ್ನೂ ಉಳಿದುಕೊಂಡಿದೆ. ಹಳೆಯ ಕಾರನ್ನು ಕೊಳ್ಳುವವರು 2013ನ್ನು ಗಡಿಯೆಂದು ಇಟ್ಟುಕೊಂಡರೆ ಒಳ್ಳೆಯದು.

ಇಂದಿನ ಎರಡು ಕಾರುಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಕೂರುವ ಜಾಗದಲ್ಲಿ. ಒಂದನ್ನು ಹಿಂದಿನ ಸೀಟಿನಲ್ಲಿ ಕೂರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆ, ಇನ್ನೊಂದನ್ನು ಸ್ಟೀರಿಂಗ್ ಹಿಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಉದ್ದನೆಯ ರೇಂಜ್ ರೋವರ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 3197 ಮಿ.ಮೀ., ಸ್ಪೋರ್ಟ್‌ನದು 2997. ಈ ಇನ್ನೂರು ಮಿಲಿಮೀಟರು, ಎಂದರೆ ಎಂಟು ಅಂಗುಲ, ಹಿಂದೆ ಕೂತವರ ಕಾಲಿಗೇ ದಕ್ಕುತ್ತದೆ. ಎತ್ತರದಲ್ಲೂ ಎರಡು ಅಂಗುಲದ ಅಂತರವಿದೆ: 1870 ಮತ್ತು 1820 ಮಿ.ಮೀ. ಸ್ಪೋರ್ಟ್‌ನ ಚಾವಣಿ ಹಿಂದಕ್ಕೆ ಹೋದಂತೆ ಇಳಿಜಾರಾಗುತ್ತದೆ, ರೇಂಜ್ ರೋವರ್‌ನದು ಹೆಚ್ಚುಕಡಿಮೆ ಸಮತಟ್ಟಾಗಿಯೇ ಸಾಗುತ್ತದೆ. ದೊಡ್ಡದರ ಹಿಂದಿನ ಸೀಟಿನಲ್ಲಿ ಕೂತಾಗ ಮಂಡಿಯ ಮುಂದೆ ಉಳಿಯುವ ಜಾಗದಲ್ಲಿ ಒಂದು ಬ್ರೀಫ್‌ಕೇಸ್ ಅಡ್ಡಲಾಗಿ ಇಡಬಹುದು. ಸ್ಪೋರ್ಟ್‌ನಲ್ಲಿ ಇಕ್ಕಟ್ಟೇನೂ ಅಲ್ಲ, ಆದರೆ ಆ ಧಾರಾಳತನ ಇಲ್ಲ.

ಅದೇ ಸ್ನೇಹಿತರ ತಾಯಿ ಎರಡನ್ನೂ ಹತ್ತಿ ಇಳಿದು ನೋಡಿದ್ದನ್ನು ನಾನು ಹತ್ತಿರದಿಂದ ಕಂಡೆ. ಎಪ್ಪತ್ತು ದಾಟಿದವರು, ಮಂಡಿನೋವು ಇರುವವರು. ಕಾರು ನಿಂತಾಗ ಅದರ ದೇಹವನ್ನು 50 ಮಿ.ಮೀ. ತಗ್ಗಿಸುವ ಏರ್ ಸಸ್ಪೆನ್ಷನ್ ಎರಡರಲ್ಲೂ ಇದೆ. ಕಾರು ಮೆಲ್ಲಗೆ ಕುಗ್ಗಿದ್ದನ್ನು ನೋಡಿ ಅವರು 'ಒಂಟೆ ಕೂತಂಗೆ ಕೂತ್ಕಂತು' ಎಂದರು. ರೇಂಜ್ ರೋವರ್‌ನ ಉದ್ದನೆಯ ಹಿಂಬಾಗಿಲಿನಲ್ಲಿ ಅವರು ಮೊದಲು ಸೀಟಿನ ಅಂಚಿಗೆ ಕೂತು, ಸೀರೆಯ ನೆರಿಗೆಯನ್ನು ಕೈಯಲ್ಲಿ ಹಿಡಿದು, ಎರಡೂ ಕಾಲನ್ನು ಒಟ್ಟಿಗೆ ಒಳಕ್ಕೆ ತಿರುಗಿಸಿಕೊಂಡರು. ಸ್ಪೋರ್ಟ್‌ನಲ್ಲಿ ಅದೇ ರೀತಿ ಮಾಡಲು ಬಾಗಿಲಿನ ಕಂಬ ಮಂಡಿಗೆ ಅಡ್ಡ ಬಂತು; ಒಂದು ಕಾಲನ್ನು ಮೊದಲು ಇಟ್ಟು, ಹಿಡಿ ಹಿಡಿದು, ತಲೆ ತಗ್ಗಿಸಿ ಹತ್ತಬೇಕಾಯಿತು. ಹತ್ತಲಾಗಲಿಲ್ಲ ಎಂದಲ್ಲ, ಎರಡನೆಯ ಸಲ ಇನ್ನೂ ಸುಲಭವಾಯಿತು. ಆದರೂ ನಿಮ್ಮ ತಂದೆ ತಾಯಿಯನ್ನು ಒಮ್ಮೆ ಜೊತೆಗೆ ಕರೆದುಕೊಂಡು ಹೋಗದೆ ಯಾವ ತೀರ್ಮಾನವನ್ನೂ ಮಾಡಬೇಡಿ.

ಇನ್ನು ಮುಂದಿನ ಸೀಟಿಗೆ ಬರೋಣ. ಎಂಜಿನ್ನು ಎರಡಕ್ಕೂ ಒಂದೇ ಮನೆತನದ್ದು. 3 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್ 400 ಅಶ್ವಶಕ್ತಿ ಮತ್ತು 550 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೊಡುತ್ತದೆ. ಅಷ್ಟೇ ಗಾತ್ರದ ಡೀಸೆಲ್ ಎಂಜಿನ್ 350 ಅಶ್ವಶಕ್ತಿ ಮತ್ತು 700 ನ್ಯೂಟನ್ ಮೀಟರ್. ನಿಂತಲ್ಲಿಂದ ನೂರು ಕಿ.ಮೀ. ವೇಗಕ್ಕೆ ಎರಡೂ ಆರು ಸೆಕೆಂಡಿನ ಆಸುಪಾಸಿನಲ್ಲಿ ಮುಟ್ಟುತ್ತವೆ. ಹೀಗಿರುವಾಗ 'ಸ್ಪೋರ್ಟ್' ಎಂಬ ಹೆಸರಿಗೆ ಅರ್ಥ ಬರುವುದು ವೇಗದಿಂದಲ್ಲ, ಕಾರು ಮೈ ಹಿಡಿದುಕೊಳ್ಳುವ ರೀತಿಯಿಂದ. ಅದರಲ್ಲಿ ಚಾಲಕ ಸ್ವಲ್ಪ ತಗ್ಗಿನಲ್ಲಿ, ಎರಡು ಸೀಟುಗಳ ನಡುವಿನ ಎತ್ತರಿಸಿದ ಕಟ್ಟೆಯ ಪಕ್ಕದಲ್ಲಿ ಕೂರುತ್ತಾನೆ. ಏರ್ ಸಸ್ಪೆನ್ಷನ್ನಿನ ಗಾಳಿಚೀಲಗಳು ಅಗತ್ಯಕ್ಕೆ ತಕ್ಕಂತೆ ತಮ್ಮೊಳಗಿನ ಗಾಳಿಯ ಪ್ರಮಾಣವನ್ನೇ ಬದಲಾಯಿಸಿಕೊಂಡು ಬಿಗಿಯಾಗುತ್ತವೆ. ದಾವಣಗೆರೆಯಿಂದ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ಹಾದು ಬೆಂಗಳೂರು ಮುಟ್ಟುವ ಸುಮಾರು 260 ಕಿ.ಮೀ. ದಾರಿಯಲ್ಲಿ, ಲಾರಿಯನ್ನು ಹಿಂದಿಕ್ಕಲು ಲೇನು ಬದಲಿಸಿದಾಗ, ಸೇತುವೆ ಏರಿ ಇಳಿಯುವಾಗ, ಚಿತ್ರದುರ್ಗದ ಗಾಳಿಯಂತ್ರಗಳ ಗುಡ್ಡಗಳ ಬಳಿ ಅಡ್ಡಗಾಳಿ ಬೀಸಿದಾಗ, ಎರಡು ಟನ್ನಿಗೂ ಮೀರಿದ ಈ ದೇಹ ಎಷ್ಟು ಬೇಗ ತನ್ನ ಸಮತೋಲನಕ್ಕೆ ಮರಳುತ್ತದೆ ಎಂಬುದು ನಾಲ್ಕೈದು ಗಂಟೆ ಸ್ಟೀರಿಂಗ್ ಹಿಡಿದವರ ಭುಜಕ್ಕೆ ಗೊತ್ತಾಗುತ್ತದೆ. ರೇಂಜ್ ರೋವರ್ ಇದೇ ದಾರಿಯನ್ನು ದೋಣಿಯಂತೆ ತೇಲಿಕೊಂಡು ದಾಟುತ್ತದೆ; ಹಿಂದೆ ಕೂತು ನಿದ್ದೆ ಮಾಡುವವರಿಗೆ ಅದೇ ಹಿತ.

ತೋಟದ ದಾರಿಯ ಬಗ್ಗೆ ಒಂದು ಎಚ್ಚರಿಕೆ. 900 ಮಿ.ಮೀ. ಆಳದ ನೀರನ್ನು ದಾಟುವ ಸಾಮರ್ಥ್ಯ ಎರಡಕ್ಕೂ ಇದೆ, ಚಕ್ರಗಳಿಗೆ ಶಕ್ತಿ ಹಂಚುವ ವ್ಯವಸ್ಥೆಯೂ ಎರಡರಲ್ಲೂ ಉತ್ತಮವಾಗಿದೆ. ಆದರೆ ನಮ್ಮ ಸೀಮೆಯ ಎರೆಮಣ್ಣು ಬೇರೆಯೇ ಪರೀಕ್ಷೆ. ಮಳೆ ಬಿದ್ದ ಮೇಲೆ ಅದು ಟೈರಿನ ಗೀರುಗಳಿಗೆ ಮೆತ್ತಿಕೊಂಡು, ನಾಲ್ಕೇ ಸುತ್ತಿಗೆ ಟೈರನ್ನು ನುಣ್ಣನೆಯ ಉಂಡೆಯಾಗಿಸಿಬಿಡುತ್ತದೆ. ರಸ್ತೆಗೆಂದೇ ಮಾಡಿದ ಅಗಲದ ಟೈರು ಹಾಕಿಕೊಂಡ ಯಾವ ಫೋರ್ ವೀಲ್ ಡ್ರೈವ್ ಆದರೂ ಅಲ್ಲಿ ಜಾರುತ್ತದೆ. ಇವುಗಳಿಗೆ 23 ಇಂಚಿನವರೆಗಿನ ಚಕ್ರಗಳು ಸಿಗುತ್ತವೆ. ನೋಡಲು ಚೆಂದ, ಆದರೆ ಚಕ್ರ ದೊಡ್ಡದಾದಷ್ಟೂ ಟೈರಿನ ಪಕ್ಕದ ಗೋಡೆ ಗಿಡ್ಡವಾಗುತ್ತದೆ, ಅಂಚು ಕಿತ್ತುಹೋದ ಗುಂಡಿಗೆ ಬಿದ್ದಾಗ ಪೆಟ್ಟು ನೇರವಾಗಿ ಚಕ್ರದ ಲೋಹಕ್ಕೇ ತಾಗುತ್ತದೆ. ಅಧಿಕೃತ ಸರ್ವಿಸ್ ಇರುವುದು ದೊಡ್ಡ ನಗರಗಳಲ್ಲಿ. ಅಂಥ ಟೈರೊಂದು ನಮ್ಮೂರಿನಲ್ಲಿ ಸಂಜೆಯೊಳಗೆ ಸಿಗುತ್ತದೆ ಎಂದು ನಂಬಿಕೊಳ್ಳಬೇಡಿ. ನಿಮ್ಮ ಆವೃತ್ತಿಗೆ ಸಿಗುವ ಅತಿ ಚಿಕ್ಕ ಚಕ್ರವನ್ನೇ ಕೇಳಿ, ಸ್ಟೆಪ್ನಿ ಪೂರ್ಣ ಗಾತ್ರದ್ದೇ ಎಂದು ನೋಡಿಕೊಳ್ಳಿ.

ಹಣದ ಮಾತು. 1970ರಿಂದ ಇಂಗ್ಲೆಂಡಿನ ಸಾಲಿಹಲ್‌ನಲ್ಲಿ ಮಾತ್ರ ತಯಾರಾಗುತ್ತಿದ್ದ ರೇಂಜ್ ರೋವರ್ ಅನ್ನು ಮೊದಲ ಬಾರಿಗೆ ಅದರ ಹೊರಗೆ, ಪುಣೆಯಲ್ಲಿ, ಜೋಡಿಸಲಾಗುವುದು ಎಂದು 2024ರ ಮೇ ತಿಂಗಳಲ್ಲಿ ಪ್ರಕಟವಾಯಿತು. 2008ರಿಂದ ಲ್ಯಾಂಡ್ ರೋವರ್ ಕಂಪನಿ ಟಾಟಾ ಸಮೂಹದ ಒಡೆತನದಲ್ಲಿದೆ. ಆಗ ಘೋಷಿಸಿದ ಆರಂಭಿಕ ಎಕ್ಸ್-ಶೋರೂಂ ಬೆಲೆ ರೇಂಜ್ ರೋವರ್‌ಗೆ 2.36 ಕೋಟಿ, ಸ್ಪೋರ್ಟ್‌ಗೆ 1.40 ಕೋಟಿ ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲಿನ ಜಿಎಸ್‌ಟಿ, ಸೆಸ್ ಸೇರಿ 50 ಶೇಕಡಾ ಇದ್ದದ್ದು, 40ಕ್ಕೆ ಇಳಿದಿರುವುದರಿಂದ ಇಂದಿನ ಬೆಲೆಯನ್ನು ಹೊಸದಾಗಿಯೇ ಕೇಳಬೇಕು. ನಾನು ತೋರಿಸಬೇಕೆಂದಿರುವುದು ಅಂತರವನ್ನು. ಕರ್ನಾಟಕದಲ್ಲಿ 20 ಲಕ್ಷಕ್ಕೆ ಮೇಲ್ಪಟ್ಟ ಕಾರಿಗೆ ಜೀವಿತಾವಧಿ ತೆರಿಗೆ ಶೇಕಡಾ 18, ಅದರ ಮೇಲೆ ಸೆಸ್ ಬೇರೆ. ಆ 2024ರ ಬೆಲೆಗೇ ಲೆಕ್ಕ ಹಾಕಿದರೆ ಒಂದಕ್ಕೆ ಸುಮಾರು 42 ಲಕ್ಷ, ಇನ್ನೊಂದಕ್ಕೆ 25 ಲಕ್ಷ. ಬರಿಯ ಈ ತೆರಿಗೆಯ ಅಂತರ, ಹದಿನೇಳು ಲಕ್ಷ, ತೋಟಕ್ಕೆ ಒಂದು ಒಳ್ಳೆಯ ಟ್ರ್ಯಾಕ್ಟರು ಮತ್ತು ಟ್ರೇಲರ್ ತಂದುಕೊಡುತ್ತದೆ. ಅಡಿಕೆ ಧಾರಣೆಯ ಏರಿಳಿತ ಬಲ್ಲ ನಿಮಗೆ ಇದರ ತೂಕವನ್ನು ನಾನು ಹೇಳಬೇಕಾಗಿಲ್ಲ.

ನೀವು ಬರೆದಿರುವಂತೆ ಬೆಂಗಳೂರಿಗೆ ಓಡಿಸುವವರು ನೀವೇ. ತಂದೆ ತಾಯಿ ಕೂರುವುದು ವಾರಕ್ಕೊಮ್ಮೆ. ಹಾಗಾಗಿ ನನ್ನ ಮಟ್ಟಿಗೆ ನಿಮಗೆ ಹೊಂದುವುದು ಸ್ಪೋರ್ಟ್, ಅದರಲ್ಲೂ ಡೀಸೆಲ್. ತುಂಬಿದ ಕಾರಿನಲ್ಲಿ ಏರು ಹತ್ತುವಾಗ ಆ 700 ನ್ಯೂಟನ್ ಮೀಟರ್ ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ಡ್ರೈವರ್ ಇದ್ದು ನೀವು ಹಿಂದೆ ಕೂತು ಕಾಗದಪತ್ರ ನೋಡುವವರಾಗಿದ್ದರೆ ನನ್ನ ಉತ್ತರ ತಿರುಗುಮುರುಗಾಗುತ್ತಿತ್ತು. ಮುಂಗಡ ಕೊಡುವ ಮೊದಲು ನಿಮ್ಮ ಗೇಟನ್ನು ಕಂಬದಿಂದ ಕಂಬಕ್ಕೆ, ಕೊಂಡಿಗಳನ್ನೂ ಸೇರಿಸಿ, ಅಳೆಯಿರಿ. 2209 ಮಿ.ಮೀ.ಗೆ ಎರಡೂ ಬದಿ ಅರ್ಧ ಅಡಿ ಸೇರಿಸಿದರೆ ಬರುವ ಎಂಟು ಅಡಿ ಮೂರು ಅಂಗುಲ ಅಲ್ಲಿ ಸಿಗದಿದ್ದರೆ ಎರಡು ದಾರಿ ಇವೆ: ಗಾರೆಯವರನ್ನು ಕರೆಸಿ ಒಂದು ಕಂಬವನ್ನು ಸರಿಸುವುದು, ಇಲ್ಲವೇ ಅದೇ ರೇಂಜ್ ರೋವರ್ ಮನೆತನದ, ಅಗಲದಲ್ಲೂ ನಿಜವಾಗಿಯೂ ಚಿಕ್ಕದಾದ ಇವೋಕ್ ಎಂಬ ಕಾರನ್ನು ನೋಡುವುದು. ನನ್ನ ಸ್ನೇಹಿತರು ಕಂಬವನ್ನು ಸರಿಸಿದರು.