ಎರಡು ಲೋಟ, ಎರಡು ಹೆಂಟೆ

ಹೊಳಲ್ಕೆರೆ ತಾಲ್ಲೂಕಿನ ಒಂದು ಊರಿನಲ್ಲಿ ಒಂದೇ ಬದುವಿನ ಆಚೆ ಈಚೆ ಇರುವ ಎರಡು ಹೊಲಗಳಿಂದ ಒಂದೊಂದು ಒಣ ಹೆಂಟೆಯನ್ನು ಆಯ್ದು ತಂದೆ. ಎರಡೂ ಕೆಂಪು ಮಣ್ಣು, ಎರಡೂ ನೆಲ್ಲಿಕಾಯಿ ಗಾತ್ರ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಎರಡು ಗಾಜಿನ ಲೋಟ ಕೇಳಿ ಪಡೆದು, ನೀರು ತುಂಬಿ, ಹೆಂಟೆಗಳನ್ನು ಮೆಲ್ಲಗೆ ಇಳಿಬಿಟ್ಟೆ. ಮೊದಲನೆಯದು ನೀರು ತಾಕಿದೊಡನೆ ಬಿರಿಯಿತು. ಚಹಾ ಆರುವಷ್ಟರಲ್ಲಿ ಲೋಟದ ತಳದಲ್ಲಿ ಕೆಸರಿನ ಗುಪ್ಪೆ, ಮೇಲೆ ಇಟ್ಟಿಗೆ ಬಣ್ಣದ ನೀರು. ಎರಡನೆಯದು ಸಣ್ಣ ಸಣ್ಣ ಗುಳ್ಳೆಗಳನ್ನು ಬಿಡುತ್ತಾ ಇದ್ದ ಹಾಗೆಯೇ ಕುಳಿತಿತ್ತು, ನೀರೂ ತಿಳಿಯಾಗಿತ್ತು.

ಎರಡನೆಯದು ಸಾವಯವದವರ ಹೊಲ ಎಂದು ಸುತ್ತ ನಿಂತವರು ತೀರ್ಮಾನಿಸಿಬಿಟ್ಟರು. ಅಲ್ಲ. ಎರಡೂ ಹೊಲಕ್ಕೆ ಡಿಎಪಿ, ಯೂರಿಯಾ ಬೀಳುತ್ತದೆ. ಮೊದಲ ಹೊಲದಲ್ಲಿ ಎಷ್ಟೋ ವರ್ಷದಿಂದ ಮೆಕ್ಕೆಜೋಳವೊಂದೇ. ತೆನೆ ಮುರಿದ ಮೇಲೆ ಸಪ್ಪೆಗೆ ಬೆಂಕಿ. ಎರಡನೆಯದರಲ್ಲಿ ಬೇಸಿಗೆಗೆ ಕುರಿ ಮಂದೆ ನಿಲ್ಲಿಸುತ್ತಾರೆ, ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಬಿಡುತ್ತಾರೆ, ಸಪ್ಪೆ ದನದ ಹೊಟ್ಟೆ ಸೇರಿ ತಿಪ್ಪೆಯ ದಾರಿಯಲ್ಲಿ ಹೊಲಕ್ಕೆ ಮರಳುತ್ತದೆ.

ಸಾವಯವವೋ ರಾಸಾಯನಿಕವೋ ಎಂಬ ಜಗಳದಲ್ಲಿ ಈ ವ್ಯತ್ಯಾಸವನ್ನೇ ಯಾರೂ ನೋಡುವುದಿಲ್ಲ. ಸಾರಜನಕ ಎಲ್ಲಿಂದ ಬಂತೆಂದು ಬೆಳೆ ಕೇಳುವುದಿಲ್ಲ. ಬೇರು ಅದನ್ನು ಹೆಚ್ಚಾಗಿ ಹೀರುವುದು ಅಮೋನಿಯಂ ಅಥವಾ ನೈಟ್ರೇಟ್ ರೂಪದಲ್ಲಿ. ಸಗಣಿ ಕೊಳೆತು ಹುಟ್ಟಿದ ನೈಟ್ರೇಟಿಗೂ ಚೀಲದ ಯೂರಿಯಾದಿಂದ ಹುಟ್ಟಿದ ನೈಟ್ರೇಟಿಗೂ ಕೂದಲೆಳೆಯ ಅಂತರವೂ ಇಲ್ಲ. ಯೂರಿಯಾ ವಿಷ, ಗಂಜಲ ಅಮೃತ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಗಂಜಲದ ಸಾರಜನಕದ ಬಹುಪಾಲು ಇರುವುದೇ ಯೂರಿಯಾ ಆಗಿ. ಫ್ರಾನ್ಸಿನ ರುಯೆಲ್ 1773ರಲ್ಲಿ ಅದನ್ನು ಬೇರ್ಪಡಿಸಿದ್ದು ಮೂತ್ರದಿಂದ. 1828ರಲ್ಲಿ ಜರ್ಮನಿಯ ವೋಲರ್ ಅದೇ ವಸ್ತುವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ, ಮೂತ್ರಪಿಂಡದ ನೆರವಿಲ್ಲದೆಯೇ ಯೂರಿಯಾ ಮಾಡಬಲ್ಲೆನೆಂದು ತನ್ನ ಗುರು ಬರ್ಜೇಲಿಯಸ್‌ಗೆ ಪತ್ರ ಬರೆದ. ಜೀವಿಗಳ ದೇಹದ ವಸ್ತುಗಳಿಗೆ ಬೇರೆಯೇ ಒಂದು ಜೀವಶಕ್ತಿ ಬೇಕು ಎಂಬ ನಂಬಿಕೆ ಅಂದಿನಿಂದ ಸಡಿಲಾಗುತ್ತಾ ಹೋಯಿತು. ಇನ್ನೂರು ವರ್ಷದ ನಂತರ ಅದೇ ನಂಬಿಕೆ ನಮ್ಮ ಕೃಷಿ ಸಭೆಗಳಿಗೆ ಬೇರೆ ಬಟ್ಟೆ ತೊಟ್ಟು ಬರುತ್ತಿರುವುದನ್ನು ಕಂಡರೆ ನನಗೆ ನಿಜಕ್ಕೂ ಆತಂಕವಾಗುತ್ತದೆ.

ನೈಸರ್ಗಿಕ ಕೃಷಿಯವರು ಗೊಬ್ಬರದ ಬದಲು ಹೊಲಕ್ಕೆ ಹಾಕುವ ಜೀವಾಮೃತವೆಂಬ ದ್ರಾವಣದ ಲೆಕ್ಕವನ್ನೇ ನೋಡಿ. ಎಕರೆಗೆ ಹತ್ತು ಕಿಲೋ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಇನ್ನೂರು ಲೀಟರ್ ನೀರು. ಇಷ್ಟರಲ್ಲಿರುವ ಸಾರಜನಕ ಹೆಚ್ಚೆಂದರೆ ಕಾಲು ಕಿಲೋ. ನಾಲ್ಕು ತಿಂಗಳ ಬೆಳೆಗೆ ಎಂಟು ಸಲ ಕೊಟ್ಟರೂ ಎರಡು ಕಿಲೋ. ಎಕರೆಗೆ ಇಪ್ಪತ್ತು ಕ್ವಿಂಟಲ್ ಬರುವ ಮೆಕ್ಕೆಜೋಳ ನೆಲದಿಂದ ಎತ್ತುವುದು ನಲವತ್ತು ಕಿಲೋಗಿಂತ ಹೆಚ್ಚು. ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ಅಡಗಿರುವುದನ್ನು ಬಿಡಿಸಿಕೊಡುತ್ತವೆ ಎನ್ನುತ್ತಾರೆ. ಬಿಡಿಸಿಕೊಡಲಿ, ಅದು ಇಟ್ಟ ಗಂಟನ್ನು ಬಿಚ್ಚಿ ಖರ್ಚು ಮಾಡಿದಂತೆ. ಗಾಳಿಯ ಸಾರಜನಕವನ್ನು ನಿಜವಾಗಿ ದುಡಿದು ತರುವವರು ಬೇರೆಯೇ ಇದ್ದಾರೆ. ಚಳ್ಳಕೆರೆ ಕಡೆ ಹೋದಾಗ ಹೂಬಿಟ್ಟ ಶೇಂಗಾ ಗಿಡವೊಂದನ್ನು ಮೆಲ್ಲಗೆ ಕಿತ್ತು, ಬೇರಿನ ಸಾಸಿವೆಯಂಥ ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ರಕ್ತದ ಹಾಗೆ ಕೆಂಪಗಿದ್ದರೆ ಬ್ಯಾಕ್ಟೀರಿಯಾ ಕೆಲಸದಲ್ಲಿದೆ. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿ. ನಾಟಿ ಹಸುವೊಂದೇ ಮೂವತ್ತು ಎಕರೆ ಸಾಕುತ್ತದೆ ಎಂಬ ಮಾತಿಗಿಂತ ಈ ಗಂಟು ನನಗೆ ದೊಡ್ಡ ಅದ್ಭುತ. ರಂಜಕವಂತೂ ಗಾಳಿಯಲ್ಲಿಲ್ಲ, ಕಾಳಿನ ಜೊತೆ ಲಾರಿಯೇರಿ ಹೋದದ್ದನ್ನು ಯಾವುದಾದರೂ ರೂಪದಲ್ಲಿ ಮರಳಿ ತಂದೇ ಹಾಕಬೇಕು.

ಹಾಗಾದರೆ ಚೀಲವೊಂದೇ ಸಾಕಲ್ಲವೇ? ನಲವತ್ತೈದು ಕಿಲೋ ಯೂರಿಯಾದಲ್ಲಿ ಸುಮಾರು 20.7 ಕಿಲೋ ಸಾರಜನಕವಿದೆ; ಅಷ್ಟೇ ಸಾರಜನಕ ಕೊಟ್ಟಿಗೆ ಗೊಬ್ಬರದಿಂದ ಬೇಕೆಂದರೆ ಸುಮಾರು ನಾಲ್ಕು ಟನ್ ಹೊರಬೇಕು. ಆದರೆ ಆ ನಾಲ್ಕು ಟನ್ನಿನ ಜೊತೆ ಬರುವ ಇಂಗಾಲ ಚೀಲದಲ್ಲಿ ಇಲ್ಲವೇ ಇಲ್ಲ ಎನ್ನಬಹುದು.

ಇಂಗಾಲ ಮಾಡುವ ಕೆಲಸ ಹೀಗೆ. ಮಣ್ಣಿನ ಜೇಡಿ ಕಣಗಳಿಗೂ ಸಗಣಿ ಸೊಪ್ಪು ಕೊಳೆತು ಉಳಿಯುವ ಹ್ಯೂಮಸ್ಸಿಗೂ ಮೈತುಂಬಾ ಋಣ ವಿದ್ಯುದಂಶ. ಅಮೋನಿಯಂ, ಪೊಟ್ಯಾಷ್, ಕ್ಯಾಲ್ಸಿಯಂಗಳದು ಧನ ವಿದ್ಯುದಂಶ, ಋಣಕ್ಕೆ ಅಂಟಿಕೊಳ್ಳುವಂಥದು. ಆದ್ದರಿಂದ ಹ್ಯೂಮಸ್ ಎಂದರೆ ಗೂಟಗಳ ಸಾಲಿರುವ ಕೊಟ್ಟಿಗೆ, ಪೋಷಕಾಂಶಗಳು ಕರುಗಳು. ಬೇರು ಬಂದು ತನ್ನದೊಂದು ಹೈಡ್ರೋಜನ್ ಅಯಾನನ್ನು, ಅಂದರೆ ವಿದ್ಯುದಂಶ ಹೊತ್ತ ಕಣವನ್ನು, ಗೂಟಕ್ಕೆ ಕಟ್ಟಿ, ಅಲ್ಲಿದ್ದ ಕರುವನ್ನು ಬಿಚ್ಚಿಕೊಂಡು ಹೋಗುತ್ತದೆ. ಒಂದನ್ನು ಬಿಟ್ಟು ಹೋಗದೆ ಇನ್ನೊಂದನ್ನು ಒಯ್ಯುವಂತಿಲ್ಲ. ನಮ್ಮ ಬಯಲುಸೀಮೆಯ ಹಗೇವು, ಅಂದರೆ ಕಾಳು ಕೂಡಿಡುವ ನೆಲಗುಂಡಿ, ಬಲ್ಲವರಿಗೆ ಇನ್ನೊಂದು ರೀತಿ ಹೇಳುತ್ತೇನೆ: ಕಣದಲ್ಲಿ ರಾಶಿ ಎಷ್ಟೇ ಇರಲಿ, ಹಗೇವು ಇಲ್ಲದವನ ಕಾಳು ಮೊದಲ ಮಳೆಗೆ ಕೊಚ್ಚಿ ಹೋಗುತ್ತದೆ. ನೈಟ್ರೇಟ್ ಋಣದ್ದೇ ಆದ್ದರಿಂದ ಅದನ್ನು ಯಾವ ಗೂಟವೂ ಹಿಡಿಯುವುದಿಲ್ಲ. ಮೇಲುಗೊಬ್ಬರ ಕೊಟ್ಟ ಮಾರನೆಯ ದಿನ ಜೋರು ಮಳೆ ಬಂದರೆ ರೈತ ಮರುಗುವುದು ಸರಿಯಾಗಿಯೇ ಇದೆ. ದಾವಣಗೆರೆಯ ಕ್ಷಾರ ಗುಣದ ಎರೆ ಮಣ್ಣಿನ ಮೇಲೆ ಯೂರಿಯಾ ಎರಚಿ ಮುಚ್ಚದೆ ಬಿಟ್ಟರೆ ಬೇರೊಂದು ನಷ್ಟ. ಬೆಣ್ಣೆ ದೋಸೆಯ ಕಾವಲಿಗೆ ನೀರು ಚಿಮುಕಿಸಿದಂತೆ, ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ.

ಗೂಟಗಳ ಲೆಕ್ಕವೂ ಇದೆ. ಒಂದೇ ತೂಕಕ್ಕೆ ಎಷ್ಟು ಗೂಟ ಎಂಬ ರಸಾಯನಶಾಸ್ತ್ರದ ಅಳತೆಯಲ್ಲಿ ನಮ್ಮ ಕೆಂಪು ನೆಲದಲ್ಲಿ ಹೆಚ್ಚಾಗಿರುವ ಕೆಯೊಲಿನೈಟ್ ಜೇಡಿಗೆ ಹತ್ತರ ಆಸುಪಾಸು, ಎರೆಭೂಮಿಯ ಜೇಡಿಗೆ ನೂರರ ಆಸುಪಾಸು, ಹ್ಯೂಮಸ್ಸಿಗೆ ಇನ್ನೂರರ ಮೇಲೆ. ಇಂಗಾಲ ಕಳೆದುಕೊಂಡರೂ ಎರೆಭೂಮಿ ಹೇಗೋ ತಡೆದುಕೊಂಡೀತು, ಹೊಳಲ್ಕೆರೆ ಹೊಸದುರ್ಗದ ಕೆಂಪು ನೆಲಕ್ಕೆ ಆ ಆಸ್ತಿ ಇಲ್ಲ. ಈ ವಿನಿಮಯವನ್ನು ಮೊದಲು ಕಂಡವನು ಇಂಗ್ಲೆಂಡಿನ ಯಾರ್ಕ್‌ಷೈರಿನ ಜಮೀನ್ದಾರ ಥಾಮ್ಸನ್. ಮಣ್ಣಿನ ಮೂಲಕ ಅಮೋನಿಯಂ ಸಲ್ಫೇಟ್ ಸೋಸಿದರೆ ಕೆಳಗೆ ಇಳಿದದ್ದು ಕ್ಯಾಲ್ಸಿಯಂ ಸಲ್ಫೇಟ್! 1850ರಲ್ಲಿ ಥಾಮಸ್ ವೇ ಅದನ್ನು ಕ್ರಮಬದ್ಧವಾಗಿ ಪರೀಕ್ಷಿಸಿ ಪ್ರಕಟಿಸಿದ. ಅಯಾನು ಎಂಬುದರ ಅರ್ಥ ಯಾರಿಗೂ ಸ್ಪಷ್ಟವಿಲ್ಲದ ಕಾಲ ಅದು.

ಲೋಟದ ಹೆಂಟೆ ಉಳಿದದ್ದು ಮಾತ್ರ ಗೂಟದಿಂದಲ್ಲ, ಅಂಟಿನಿಂದ. ಸಗಣಿ, ಎಲೆ, ಬೇರನ್ನು ತಿನ್ನುವ ಬ್ಯಾಕ್ಟೀರಿಯಾಗಳು ಅಂಟು ಸ್ರವಿಸುತ್ತವೆ, ಶಿಲೀಂಧ್ರಗಳು ನೂಲು ಹಾಯಿಸಿ ಹೊಲಿಯುತ್ತವೆ. ಮಂಡಕ್ಕಿ ಉಂಡೆಯನ್ನು ನೆನೆಯಿರಿ: ಮಂಡಕ್ಕಿ ಮಣ್ಣಿನ ಕಣ, ಬೆಲ್ಲದ ಪಾಕ ಆ ಅಂಟು. ಪಾಕ ಬಿದ್ದರೆ ಉಂಡೆಯೂ ನಿಲ್ಲುತ್ತದೆ, ಒಳಗೆ ಗಾಳಿ ನೀರಿಗೆ ಸಂದೂ ಇರುತ್ತದೆ. ಪಾಕವಿಲ್ಲದ ಮಣ್ಣು ಮಳೆ ಹನಿ ಬಿದ್ದೊಡನೆ ಚದುರಿ, ಮೇಲೆ ಹೆಪ್ಪುಗಟ್ಟಿ, ಮೊಳಕೆಯನ್ನು ತಡೆಯುತ್ತದೆ. ನೀರು ಇಂಗದೆ ಹರಿದುಹೋಗುತ್ತದೆ. ಮಳೆಯೇ ಕಡಿಮೆಯಿರುವ ಚಿತ್ರದುರ್ಗದಲ್ಲಿ ಇದಕ್ಕಿಂತ ದೊಡ್ಡ ನಷ್ಟ ನನಗೆ ತೋಚುವುದಿಲ್ಲ. ಸಪ್ಪೆ ಸುಟ್ಟಾಗ ಉರಿದುಹೋಗುವುದು ಈ ಪಾಕದ ಬೆಲ್ಲವೇ.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ಒಂದೇ ಹೊಲದ ಪಟ್ಟಿಗಳಲ್ಲಿ ಗೋಧಿ ಬೆಳೆಯುತ್ತಾ, ಒಂದಕ್ಕೆ ತಿಪ್ಪೆ ಗೊಬ್ಬರ, ಮತ್ತೊಂದಕ್ಕೆ ರಾಸಾಯನಿಕ ಹಾಕುತ್ತಾ ಬಂದಿದ್ದಾರೆ. ರಾಸಾಯನಿಕದ ಪಟ್ಟಿಗಳು ಇಂದಿಗೂ ಬೆಳೆ ಕೊಡುತ್ತಿವೆ, ಭೂಮಿ ಸತ್ತಿಲ್ಲ. ಆದರೆ ಆ ತಂಪು ನಾಡಿನ ಸಮಾಧಾನ ನಮಗೆ ಸಲ್ಲದು. ನಮ್ಮ ಬಿಸಿಲಿಗೆ ಹ್ಯೂಮಸ್ ಬೇಗ ಉರಿಯುತ್ತದೆ, ಉಳುಮೆ ಅದಕ್ಕೆ ಗಾಳಿ ಹಾಕುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1986ರಿಂದ ರಾಗಿ ಮತ್ತು ಮೆಕ್ಕೆಜೋಳದ ಮೇಲೆ ನಡೆದಿರುವ ದೀರ್ಘಕಾಲದ ಪ್ರಯೋಗ ನಮಗೆ ಹೆಚ್ಚು ಹತ್ತಿರದ್ದು. ಅದೂ ಕೆಂಪು ಮಣ್ಣು. ಬರೀ ರಾಸಾಯನಿಕ ಗೊಬ್ಬರ ಕಂಡ ಮಣ್ಣು ಹುಳಿಯಾಗುತ್ತಾ ಹೋಯಿತು. ಗೊಬ್ಬರದ ಅಮೋನಿಯಂ ಮಣ್ಣಿನಲ್ಲಿ ನೈಟ್ರೇಟಾಗಿ ಬದಲಾಗುವಾಗ ಆಮ್ಲ ಹುಟ್ಟುತ್ತದೆ, ಅದನ್ನು ತಾಳಿಕೊಳ್ಳುವ ಗೂಟ ಅಲ್ಲಿ ಕಡಿಮೆ. ಅದೇ ಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರವನ್ನೂ ಕಂಡ ತಾಕುಗಳು ಇಳುವರಿಯಲ್ಲಿ ಮುಂದೆ ನಿಂತವು. ಒಂದೇ ಏಟಿಗೆ ಚೀಲ ಬಿಡುವುದೂ ಉತ್ತರವಲ್ಲ. 2021ರಲ್ಲಿ ಶ್ರೀಲಂಕಾ ರಾಸಾಯನಿಕ ಗೊಬ್ಬರದ ಆಮದನ್ನು ದಿಢೀರನೆ ನಿಷೇಧಿಸಿ, ಭತ್ತ, ಚಹಾ ಎರಡೂ ಕುಸಿದು, ಅದೇ ವರ್ಷ ಹಿಂದೆ ಸರಿಯಿತು.

ಹೋಟೆಲಿನ ಮುಂದೆ ಮೊದಲ ಹೊಲದ ಯಜಮಾನರೂ ನಿಂತಿದ್ದರು. "ಹಾಗಾದರೆ ನನ್ನ ಹೊಲ ಸತ್ತಿದೆಯೇ ಮೇಷ್ಟ್ರೇ?" ಎಂದು ಕೇಳಿದರು. ಸತ್ತಿಲ್ಲ, ಹಸಿದಿದೆ ಎಂದೆ. ಮನೆಗೆ ಹೋಗಿ ಮಣ್ಣು ಆರೋಗ್ಯ ಚೀಟಿ ತಂದರು. ಅದರಲ್ಲಿ ಅವರು ಇದುವರೆಗೆ ನೋಡಿದ್ದು ಎಕರೆಗೆ ಎಷ್ಟು ಯೂರಿಯಾ ಎಂಬ ಸಾಲನ್ನು ಮಾತ್ರ. ಸಾವಯವ ಇಂಗಾಲದ ಸಾಲಿಗೆ ಬೆರಳಿಟ್ಟು ತೋರಿಸಿದೆ. ಶೇಕಡ 0.75 ದಾಟಿದರೆ ಉತ್ತಮ, 0.5ಕ್ಕಿಂತ ಕಡಿಮೆಯಾದರೆ ಕೊರತೆ. ಅವರದು ಕೊರತೆಯ ಸಾಲಿನಲ್ಲಿತ್ತು. ಕುರಿಗೊಬ್ಬರವೆಲ್ಲ ಲಾರಿಯೇರಿ ಮಲೆನಾಡಿನ ತೋಟಗಳಿಗೆ ಹೋಗುತ್ತಿದೆ, ನಮಗೆಲ್ಲಿ ಸಿಕ್ಕೀತು ಎಂದು ಗೊಣಗಿದರು. ಅದು ಸುಳ್ಳೂ ಅಲ್ಲ. ಆಮೇಲೆ ಎರಡನೆಯ ಲೋಟದ ನೀರು ಚೆಲ್ಲಿ, ಹೆಂಟೆಯನ್ನು ಅಂಗೈಗೆ ಹಾಕಿಕೊಂಡು ಹಿಸುಕಿದರು. ಅದು ಕೆಸರಾಗದೆ ಕಾಳು ಕಾಳಾಗಿ ಬಿಡಿಸಿಕೊಂಡಿತು. ಮೂಗಿಗೆ ಹಿಡಿದು ನೋಡಿ, ಪಕ್ಕದ ಹೊಲದವರ ಕಡೆ ತಿರುಗಿ, "ಮಂದೆಯವರ ನಂಬರ್ ಕೊಡಪ್ಪ, ಈ ಸಲ ಎಷ್ಟು ರಾತ್ರಿ ನಿಲ್ಲಿಸುತ್ತಾರೋ ಕೇಳುತ್ತೇನೆ" ಎಂದರು.